‘ಸ್ಕ್ರೇಪ್ ಬೈ’: ಹೇಗೋ ದಿನ ದೂಡುವ ಕ್ರಿಯಾಪದ

ರಾಯದುರ್ಗ, ಮಡಕಶಿರಾ ಭಾಗದ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಇಂಗ್ಲಿಷಿನ ‘ಬೈ’ ಪದಕ್ಕೆ ‘ಇಂದ’ ಎಂಬ ಅರ್ಥವನ್ನು ಮೊದಲು ಕಲಿತಿರುತ್ತಾನೆ. ‘ಸ್ಕ್ರೇಪ್’ ಎಂದರೆ ಕೆರೆಯುವುದು ಎಂದು ನಿಘಂಟು ಹೇಳುತ್ತದೆ. ಇವೆರಡನ್ನೂ ಕೂಡಿಸಿದರೆ ‘ಸ್ಕ್ರೇಪ್ ಬೈ’ ಎಂಬುದರ ಅರ್ಥ ದೊರೆಯದು. ಕನ್ನಡದಲ್ಲಿಯೂ ‘ಗೋಡೆ ಬಿದ್ದುಹೋಯಿತು’ ಎಂದಾಗ ಗೋಡೆ ಎಲ್ಲಿಗೂ ಹೋಗುವುದಿಲ್ಲ. ಪಾಠವನ್ನು ಈ ಹೋಲಿಕೆಯಿಂದ ಆರಂಭಿಸುವುದು ಸೂಕ್ತ. ಬೇಲಿಯ ಸಂದಿನಲ್ಲಿ ಮೈ ತರಚಿಸಿಕೊಂಡು ಆಚೆಗೆ ನುಸುಳಿದವನ ಚಿತ್ರವನ್ನು ಕೊಟ್ಟರೆ ಅರ್ಥವು ಮನಸ್ಸಿನಲ್ಲಿ ನಿಲ್ಲುತ್ತದೆ.

ಅರ್ಥಭೇದಗಳು

1. ಸ್ಕ್ರೇಪ್ ಬೈ: ಸಾಲದ ವರಮಾನದಲ್ಲಿ ಹೇಗೋ ಜೀವನ ಸಾಗಿಸು. ‘ದೇ ಸ್ಕ್ರೇಪ್ ಬೈ ಆನ್ ಹರ್ ವೇಜಸ್’ ಎಂದರೆ, ಅವಳ ಕೂಲಿಯಲ್ಲಿಯೇ ಅವರು ಹೇಗೋ ದಿನ ದೂಡುತ್ತಾರೆ. ಜೀವನಾಧಾರವನ್ನು ಸೂಚಿಸಲು ‘ಆನ್’ ಬರುತ್ತದೆ.

2. ಸ್ಕ್ರೇಪ್ ಥ್ರೂ: ಕಷ್ಟಪಟ್ಟು, ಅಂಚಿನಲ್ಲಿ ಪಾರಾಗು. ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ಉತ್ತೀರ್ಣತೆಗೆ 35 ಅಂಕ ಬೇಕು. 36 ಪಡೆದವನಿಗೆ ಈ ಪದ ಸಲ್ಲುತ್ತದೆ. 33 ಪಡೆದವನಿಗೂ 80 ಪಡೆದವನಿಗೂ ಸಲ್ಲದು.

3. ಗೆಟ್ ಬೈ: ಇದ್ದುದರಲ್ಲಿ ನಿಭಾಯಿಸು. ಇದರಲ್ಲಿ ಕಷ್ಟದ ಧ್ವನಿ ಕಡಿಮೆ. ‘ಶಿ ಕ್ಯಾನ್ ಗೆಟ್ ಬೈ ಇನ್ ತೆಲುಗು’ ಎಂದರೆ, ವ್ಯವಹಾರಕ್ಕೆ ಸಾಕಾಗುವಷ್ಟು ತೆಲುಗು ಅವಳಿಗೆ ಬರುತ್ತದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಗಡಿಭಾಗದ ಮಕ್ಕಳಿಗೆ ಈ ಬಳಕೆ ತಮ್ಮ ಅನುಭವವೇ ಆಗಿದೆ.

ತರಗತಿ ಚಟುವಟಿಕೆ

ಮೂರು ಸಂದರ್ಭಗಳನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು: ಮಳೆಯಿಲ್ಲದೆ ಶೇಂಗಾ ಬೆಳೆ ಕೈಕೊಟ್ಟ ವರ್ಷದ ಒಂದು ಸಂಸಾರ, ಒಂದೇ ಅಂಕದಿಂದ ಪಾಸಾದ ಹುಡುಗ, ಬೆಂಗಳೂರಿಗೆ ಹೋಗಿ ಅರೆಬರೆ ಇಂಗ್ಲಿಷಿನಲ್ಲಿ ಕೆಲಸ ನಡೆಸುವ ಹೊಲಿಗೆಯವನು. ಯಾವುದಕ್ಕೆ ಯಾವ ಪದ, ಏಕೆ ಎಂಬುದನ್ನು ಮಕ್ಕಳೇ ಚರ್ಚಿಸಿ ನಿರ್ಧರಿಸಲಿ.

ಎಚ್ಚರಿಕೆ

‘ನಿಮ್ಮ ಮನೆಯಲ್ಲಿ ಹೇಗೆ ನಡೆಯುತ್ತದೆ?’ ಎಂದು ಯಾವ ಮಗುವನ್ನೂ ಉದಾಹರಣೆಗಾಗಿ ಕೇಳಬಾರದು. ಅನಂತಪುರದ ಬೆದ್ದಲು ಸೀಮೆಯಲ್ಲಿ ಈ ಪದದ ಅರ್ಥವನ್ನು ಬದುಕಿನಿಂದಲೇ ಅರಿತ ಮಕ್ಕಳಿದ್ದಾರೆ. ಅವರು ಕಲಿಯಬೇಕಾದುದು ಪದವನ್ನು, ನಾಚಿಕೆಯನ್ನಲ್ಲ. ಕಲ್ಪಿತ ಸಂಸಾರವೊಂದರ ಮೂಲಕ ಪಾಠ ನಡೆಯಲಿ.

ಮೌಲ್ಯಮಾಪನ

‘ಅವರು ಜೀವನ ಸಾಗಿಸುತ್ತಾರೆ’ ಎಂಬ ಅನುವಾದವು ತಪ್ಪಲ್ಲ, ಅಪೂರ್ಣ. ‘ಹೇಗೋ’ ಎಂಬ ಒಂದು ಪದ ಸೇರಿದಾಗ ಮಾತ್ರ ಮೂಲದ ಕಷ್ಟವೂ ಛಲವೂ ಕನ್ನಡಕ್ಕೆ ಬರುತ್ತವೆ. ವಿದ್ಯಾರ್ಥಿಯು ಆ ಪದವನ್ನು ತಾನಾಗಿ ಸೇರಿಸಿದರೆ ಪಾಠದ ಉದ್ದೇಶ ಈಡೇರಿತೆಂದು ತಿಳಿಯಬಹುದು.