ಯಾವ ಡಾಕ್ಟರು ಎಂದು ಕೇಳಿದೆಯಲ್ಲ

ಪ್ರೀತಿಯ ಪುಟ್ಟಿಗೆ,


ನಿನ್ನ ಮೆಸೇಜು ಓದಿದೆ. ‘ಬೆಂಗಳೂರಿನಲ್ಲಿ ಬೆಸ್ಟ್ ಥೆರಪಿಸ್ಟ್ ಯಾರು?’ ಎಂದು ಕೇಳಿದ್ದೀಯ. ಒಂದು ಹೆಸರು, ಒಂದು ನಂಬರು ಕೊಟ್ಟು ಮುಗಿಸಬಹುದಿತ್ತು. ಆದರೆ ಬಸ್ ಸ್ಟ್ಯಾಂಡಿನ ಎದುರು ಮೆಡಿಕಲ್ ಶಾಪ್ ಇಟ್ಟುಕೊಂಡು ತಲೆ ನೆರೆಸಿಕೊಂಡವನು ನಾನು. ಇದೇ ಪ್ರಶ್ನೆ ನಾಲಿಗೆ ತುದಿಗೆ ಬಂದಿದ್ದರೂ ಕೊನೆಗೆ ಗ್ಯಾಸಿನ ಮಾತ್ರೆ ಕೇಳಿ ತೆಗೆದುಕೊಂಡು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಮಕ್ಕಳೂ ಓದಲಿ ಅಂತ, ನಿನ್ನ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬರೆಯುತ್ತಿದ್ದೇನೆ.

ತಿಂಗಳುಗಟ್ಟಲೆ ಹುಡುಕಿದ್ದೀಯ, ಪಟ್ಟಿ ಮಾಡಿದ್ದೀಯ, ಯಾರಿಗೆ ಎಷ್ಟು ಸ್ಟಾರ್ ಬಿದ್ದಿದೆ ಎಂದು ನೋಡಿದ್ದೀಯ. ಒಬ್ಬರಿಗೂ ಫೋನು ಮಾಡಿಲ್ಲ. ಇದು ಸೋಮಾರಿತನ ಅಲ್ಲ, ಆತಂಕದ ಕಾಯಿಲೆ ಕೆಲಸ ಮಾಡುವ ರೀತಿಯೇ ಹೀಗೆ. ಮೀಟಿಂಗಿಗೆ ಹೆದರಿ ರಜೆ ಹಾಕುತ್ತೀಯ, ಆ ಬೆಳಿಗ್ಗೆ ಹಾಯೆನಿಸುತ್ತದೆ. ತಪ್ಪಿಸಿಕೊಂಡದ್ದಕ್ಕೇ ಉಳಿದೆ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಮುಂದಿನ ಮೀಟಿಂಗು ಇನ್ನೂ ಭಯಂಕರವಾಗುತ್ತದೆ. ಅತ್ಯುತ್ತಮ ಡಾಕ್ಟರು ಸಿಗುವ ತನಕ ಹೋಗುವುದಿಲ್ಲ ಎನ್ನುವುದೂ ಒಂದು ರಜಾ ಚೀಟಿಯೇ. ಆದ್ದರಿಂದ ಬೆಸ್ಟ್ ಯಾರು ಎನ್ನುವ ಪ್ರಶ್ನೆ ಬಿಡು. ತಕ್ಕಮಟ್ಟಿಗೆ ಅರ್ಹತೆ ಇರುವ, ಈ ವಾರವೇ ಸಿಗುವ ಒಬ್ಬರು ಸಾಕು. ಎರಡು ಮೂರು ಭೇಟಿಯಲ್ಲಿ ಹೊಂದಾಣಿಕೆ ಆಗದಿದ್ದರೆ ಬದಲಾಯಿಸು. ಅವರಿಗೆ ಬೇಜಾರಾಗುತ್ತದೆ ಎಂಬ ಚಿಂತೆಯನ್ನು ಮತ್ತೆ ತಲೆಗೆ ಹಚ್ಚಿಕೊಳ್ಳಬೇಡ.

ಮೊದಲು ನಿಮ್ಮ ಬಡಾವಣೆಯ ಮಾಮೂಲಿ ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸು. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಆಫೀಸಿನ ಮೆಷಿನ್ನಿನಿಂದ ದಿನಕ್ಕೆ ಎಷ್ಟು ಲೋಟ ಕಾಫಿ ಇಳಿಯುತ್ತದೆ ಎಂಬುದನ್ನೂ ಲೆಕ್ಕ ಹಾಕು. ಇಸಿಜಿ ಸರಿಯಿದೆ, ಹೃದಯಕ್ಕೇನೂ ಆಗಿಲ್ಲ ಎಂದು ಡಾಕ್ಟರು ಒಮ್ಮೆ ಹೇಳಿದ ಮೇಲೆ, ಪ್ರತಿ ಸಲ ಎದೆ ಝಲ್ಲೆಂದಾಗಲೂ ಇನ್ನೊಂದು ಇಸಿಜಿಗೆ ಓಡಬೇಡ.

ಯಾರು ಏನು ಎನ್ನುವುದು ಹಲವರಿಗೆ ಗೊಂದಲ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟರು ಸಾಮಾನ್ಯವಾಗಿ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಎಂ.ಫಿಲ್. ಮಾಡಿದವರು. ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಅವರಿಗೆ ಇರಬೇಕು. ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಕೌನ್ಸೆಲರ್ ಎಂಬ ಬೋರ್ಡಿನ ಕೆಳಗೆ ಒಳ್ಳೆಯ ತರಬೇತಿಯವರೂ ಇದ್ದಾರೆ, ವಾರಾಂತ್ಯದ ಸರ್ಟಿಫಿಕೇಟಿನವರೂ ಇದ್ದಾರೆ. ಎಲ್ಲಿ ಓದಿದಿರಿ, ಆತಂಕಕ್ಕೆ ಯಾವ ಬಗೆಯ ಚಿಕಿತ್ಸೆ ಕೊಡುತ್ತೀರಿ, ಗುಣ ಕಾಣುತ್ತಿದೆಯೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳು. ಮುಖ ಗಂಟಿಕ್ಕಿದರೆ ಎದ್ದು ಬಾ. ಇನ್ನೊಂದು: ಕನ್ನಡ ಬಲ್ಲವರನ್ನು ನೋಡು. ಆಫೀಸಿನಲ್ಲಿ ಇಂಗ್ಲಿಷು ನಡೆಯುತ್ತದೆ, ಆದರೆ ನಡುರಾತ್ರಿ ಎದ್ದು ಕೂತಾಗ ನೀನು ಹೆದರುವುದು ಕನ್ನಡದಲ್ಲೇ ಅಲ್ಲವೆ?

ಥೆರಪಿಯ ಕೋಣೆಯೊಳಗೆ ಏನು ನಡೆಯುತ್ತದೆ ಎಂದು ಕೇಳಿದ್ದೀಯ. ಆತಂಕಕ್ಕೆ ಚೆನ್ನಾಗಿ ಪರೀಕ್ಷೆಗೆ ಒಳಗಾದ ವಿಧಾನ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಅಮೆರಿಕದ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ್ದು, ಆಮೇಲೆ ಆತಂಕಕ್ಕೂ ಬಂತು. ಮಂಚದ ಮೇಲೆ ಮಲಗಿಸಿ ಕನಸು ಕೇಳುವ ಸಿನಿಮಾ ದೃಶ್ಯವನ್ನು ಮರೆತುಬಿಡು. ಇಲ್ಲಿ ಹೋಂವರ್ಕ್ ಇರುತ್ತದೆ. ಮೆಟ್ರೋದಲ್ಲಿ ಉಸಿರು ಕಟ್ಟುತ್ತದೆ ಎಂದೆಯಲ್ಲ, ಆ ಹೊತ್ತಿಗೆ ತಲೆಯಲ್ಲಿ ಓಡಿದ ಮಾತನ್ನು ಬರೆಸುತ್ತಾರೆ. ‘ಇಲ್ಲೇ ಬಿದ್ದುಹೋಗುತ್ತೇನೆ, ಎಲ್ಲರೂ ನೋಡುತ್ತಾರೆ.’ ಹಿಂದೆ ಎಷ್ಟು ಸಲ ಹೀಗನಿಸಿತ್ತು, ಎಷ್ಟು ಸಲ ಬಿದ್ದೆ ಎಂದು ಕೇಳುತ್ತಾರೆ. ಆಮೇಲೆ ಒಂದೇ ಒಂದು ಸ್ಟೇಷನ್ ಪ್ರಯಾಣ. ಎದೆ ಹೊಡೆದುಕೊಂಡರೂ ಇಳಿಯದೆ ನಿಲ್ಲಬೇಕು. ಆ ಅಬ್ಬರ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಅದನ್ನು ಯಾರೋ ಹೇಳಿದರೆ ಸಾಲದು, ನಿನ್ನ ಮೈ ತಾನೇ ಕಂಡುಕೊಳ್ಳಬೇಕು. ಮರುವಾರ ಎರಡು ಸ್ಟೇಷನ್, ಆಮೇಲೆ ಬೆಳಗಿನ ನೂಕುನುಗ್ಗಲಿನಲ್ಲಿ ಮೆಜೆಸ್ಟಿಕ್. ಕೆಲವರು ಕ್ಲಿನಿಕ್ಕಿನಲ್ಲೇ ಮೆಟ್ಟಿಲು ಹತ್ತಿಸಿ ಇಳಿಸಿ, ಕುರ್ಚಿಯಲ್ಲಿ ಗಿರಗಿರ ಸುತ್ತಿಸಿ, ಬೇಕೆಂದೇ ಎದೆಬಡಿತ, ತಲೆಸುತ್ತು ಬರಿಸುತ್ತಾರೆ, ಅವುಗಳ ಹೆದರಿಕೆ ಹೋಗಲಿ ಅಂತ. ಇದೇನು ಹುಚ್ಚಾಟ ಎಂದು ಮೊದಲ ದಿನ ನಗು ಬಂದೀತು. ವಾರಕ್ಕೊಂದು ಭೇಟಿಯಂತೆ ಸುಮಾರು ಮೂರು ನಾಲ್ಕು ತಿಂಗಳ ಕೆಲಸ ಇದು. ಬರೀ ತಲೆಯಾಡಿಸಿ ಸಮಾಧಾನ ಹೇಳಿ ಕಳಿಸುವವರ ಹತ್ತಿರ ವರ್ಷಗಟ್ಟಲೆ ದುಡ್ಡು ಸುರಿಯಬೇಡ.

ಇನ್ನು ಮಾತ್ರೆ. ಇಲ್ಲಿ ನನಗೆ ಸ್ವಲ್ಪ ಅಧಿಕಾರ ಇದೆ. ಸರ್ಟ್ರಲಿನ್, ಎಸ್ಸಿಟಲೊಪ್ರಾಂನಂಥ ಮಾತ್ರೆಗಳು ಎರಡರಿಂದ ಆರು ವಾರ ಕಳೆದ ಮೇಲೆಯೇ ಕೆಲಸ ತೋರಿಸುತ್ತವೆ. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಹೆಚ್ಚಾಗಬಹುದು. ಎಷ್ಟೋ ಜನ ಅಲ್ಲಿಗೇ ಬಿಡುತ್ತಾರೆ. ಸುಧಾರಿಸಿದ ಮೇಲೂ ತಿಂಗಳುಗಳ ಕಾಲ ಮುಂದುವರಿಸಿ, ಡಾಕ್ಟರು ಹೇಳಿದಂತೆ ನಿಧಾನಕ್ಕೆ ಇಳಿಸಬೇಕು. ಆಲ್ಪ್ರಜೊಲಾಂ, ಕ್ಲೊನಜೆಪಾಂ ಬೇರೆ ಜಾತಿ. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತವೆ, ಅದೇ ಅವುಗಳ ಅಪಾಯ. ದಿನಾ ನುಂಗಿದರೆ ಮೈ ಅಂಟಿಕೊಳ್ಳುತ್ತದೆ, ಏಕಾಏಕಿ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಹಳೇ ಚೀಟಿ ಮಡಚಿ ತಂದು ‘ಅದೇ ಕೊಡಿ ಸಾರ್’ ಎನ್ನುವವರಿಗೆ ನಾನು ಇಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ರೂಂಮೇಟಿನ ಸ್ಟ್ರಿಪ್ಪಿನಿಂದ ಒಂದು ಎಂದೂ ಮುರಿದುಕೊಳ್ಳಬೇಡ.

ಖಾಸಗಿ ಥೆರಪಿ ಬೆಂಗಳೂರಿನಲ್ಲಿ ಒಂದು ಭೇಟಿಗೆ ಸಾವಿರ ರೂಪಾಯಿ ದಾಟುವುದು ಮಾಮೂಲು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ವಿಮಾ ಕಂಪನಿಗಳಿಗೆ ದೇಹದ ಕಾಯಿಲೆಗೆ ಸಮನಾಗಿ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದಿದೆ. ಆದರೆ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುವಂಥವು, ವಾರದ ಥೆರಪಿಗೆ ಬರುವುದಿಲ್ಲ. ನಿಮ್ಮ ಕಂಪನಿಯಲ್ಲಿ ಉಚಿತ ಭೇಟಿಗಳಿವೆಯೇ ಎಂದು ಎಚ್‌ಆರ್‌ನವರನ್ನು ಕೇಳು. ಹೊಸೂರು ರಸ್ತೆಯ ಸರ್ಕಾರಿ ಆಸ್ಪತ್ರೆ ನಿಮ್ಹಾನ್ಸ್ ಇದ್ದೇ ಇದೆ. ಸಾಲು ಉದ್ದ, ಖರ್ಚು ಕಡಿಮೆ. ಊರಿನ ಕಡೆ ಇರುವ ನಿನ್ನ ಗೆಳತಿಯರಿಗೆ ಹೇಳು: ಧಾರವಾಡದಲ್ಲಿ ಅಂಥದ್ದೇ ಡಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹೀಗಿದ್ದೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕಾಯಿಲೆಗೆ ತಕ್ಕಂತೆ ನೂರು ರೋಗಿಗಳಲ್ಲಿ 70ರಿಂದ 92 ಜನ ಚಿಕಿತ್ಸೆಯಿಲ್ಲದೆ ಉಳಿದಿದ್ದರು. ಫೋನಿನಲ್ಲೇ ಶುರು ಮಾಡುವುದಾದರೆ 14416, ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕಿರುವುದೇ ಬೇಡ ಎಂಬ ಯೋಚನೆ ಸುಳಿದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡ. ಅದೇ ನಂಬರಿಗೆ ಫೋನು ಮಾಡು, ಇಲ್ಲವೇ ಜೊತೆಗೊಬ್ಬರನ್ನು ಕರೆದುಕೊಂಡು ನಿಮ್ಹಾನ್ಸಿನ ತುರ್ತು ವಿಭಾಗಕ್ಕೆ ಹೋಗು. ನನ್ನನ್ನು ಎಷ್ಟು ಹೊತ್ತಿಗಾದರೂ ಎಬ್ಬಿಸು.

ಅಮ್ಮನ ವಿಷಯ. ಅವಳು ದೃಷ್ಟಿ ತೆಗೆಸುತ್ತಾಳೆ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾಳೆ. ದೃಷ್ಟಿ ತೆಗೆಸಿಕೊ, ಅದರಿಂದ ನಷ್ಟವಿಲ್ಲ. ಮದುವೆಯನ್ನು ಔಷಧಿ ಮಾಡಿಕೊಳ್ಳಬೇಡ. ಚಿಕಿತ್ಸೆಯ ಸಂಗತಿ ಅವಳಿಗೆ ಯಾವಾಗ ಹೇಳಬೇಕು ಎನ್ನುವುದು ನಿನಗೆ ಬಿಟ್ಟದ್ದು. 2017ರ ಅದೇ ಕಾಯ್ದೆಯ ಪ್ರಕಾರ ನಿನ್ನ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ, ಯಾರದಾದರೂ ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟು.

ಹೋಗುವಾಗ ಹಳೆಯ ಇಸಿಜಿ, ರಕ್ತದ ರಿಪೋರ್ಟು, ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು ಒಂದು ಕವರಿಗೆ ಹಾಕಿಕೊ. ಆಯುರ್ವೇದದ್ದನ್ನೂ ಬಚ್ಚಿಡಬೇಡ. ನಿಮ್ಹಾನ್ಸಿಗಾದರೆ ತಿಂಡಿ ತಿಂದುಕೊಂಡು ಬೆಳಿಗ್ಗೆ ಬೇಗ ಹೊರಡು, ಮಧ್ಯಾಹ್ನದ ತನಕ ಕೂರಬೇಕಾದೀತು.

ಇಂತಿ,
ನಿನ್ನ ದೊಡ್ಡಪ್ಪ