ಗಾಲ್ಫ್ ಆಟಗಾರರು ಧರಿಸುವ ಪರಿಕರಗಳು: ಅಂದ ಎಲ್ಲಿರಬೇಕು, ಉಪಯುಕ್ತತೆ ಎಲ್ಲಿರಬೇಕು?

ಕೈಗವಸು, ಟೋಪಿ, ಬೆಲ್ಟು, ತೋಳುಗವಸು, ಟೋಪಿಯ ಅಂಚಿಗೆ ಸಿಕ್ಕಿಸುವ ಲೋಹದ ಬಿಲ್ಲೆ - ಗಾಲ್ಫ್ ಆಟಗಾರರು ಮೈಮೇಲೆ ಧರಿಸುವ ಈ ವಸ್ತುಗಳು ನೋಡಲು ಸಣ್ಣವು. ಇವುಗಳ ತಯಾರಿಕೆಗೆ ಭಾರೀ ಯಂತ್ರಗಳು ಬೇಕಾಗಿಲ್ಲ. ಚರ್ಮದ ಕೆಲಸ, ಹೊಲಿಗೆ, ಲೋಹದ ಅಚ್ಚು ಮತ್ತು ಲೇಪನಗಳಲ್ಲಿ ಅನುಭವವುಳ್ಳ ಸಣ್ಣ ಘಟಕಗಳು ಇವುಗಳನ್ನು ಕೈಗೆತ್ತಿಕೊಳ್ಳಬಹುದು. ಆದರೆ ಈ ಕ್ಷೇತ್ರಕ್ಕೆ ಹೊಸದಾಗಿ ಬರುವವರು ಸಾಮಾನ್ಯವಾಗಿ ವಸ್ತುವಿನ ಅಂದದಿಂದ ಆರಂಭಿಸುತ್ತಾರೆ. ಅದು ಮಾಡಬೇಕಾದ ಕೆಲಸವನ್ನು ಕೊನೆಗೆ ಯೋಚಿಸುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು ಎಂಬುದನ್ನು ನಿದರ್ಶನಗಳ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಗಾಲ್ಫ್ ನಮಗೆ ಹೊಸ ಆಟವಲ್ಲ. ಕೋಲ್ಕತ್ತದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರಲ್ಲಿಯೂ ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿಯೂ ಸ್ಥಾಪನೆಯಾದವು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದಾಗ, ಈ ಆಟದ ಪರಿಚಯವೇ ಇಲ್ಲದ ಮನೆಗಳಲ್ಲಿಯೂ ಅದರ ಮಾತು ನಡೆಯಿತು. ಹಾಗಿದ್ದರೂ ನಮ್ಮಲ್ಲಿ ಆಟಗಾರರ ಸಂಖ್ಯೆ ಕ್ರಿಕೆಟ್ಟಿಗೆ ಹೋಲಿಸಿದರೆ ತೀರ ಕಡಿಮೆ. ಆದುದರಿಂದ ತಯಾರಕರು ಸ್ಥಳೀಯ ಮಾರುಕಟ್ಟೆಯ ಜೊತೆಗೆ ರಫ್ತನ್ನೂ ಗಮನದಲ್ಲಿಟ್ಟು ಹೆಜ್ಜೆಯಿಡುವುದು ಉಚಿತ.

ಎರಡು ಬಗೆಯ ಗಿರಾಕಿಗಳು

ಈ ಸರಕಿಗೆ ಎರಡು ಬಗೆಯ ಗಿರಾಕಿಗಳಿದ್ದಾರೆ. ಮೊದಲನೆಯವರು ಉಡುಗೊರೆಗಾಗಿ ಕೊಳ್ಳುವವರು. ಪಂದ್ಯಾವಳಿಯ ಪ್ರಾಯೋಜಕ ಸಂಸ್ಥೆಗಳು ತಮ್ಮ ಲಾಂಛನವಿರುವ ಟೋಪಿ, ಬಿಲ್ಲೆ, ಬೆಲ್ಟುಗಳನ್ನು ಒಮ್ಮೆಲೇ ನೂರಾರು ಸಂಖ್ಯೆಯಲ್ಲಿ ಖರೀದಿಸುತ್ತವೆ. ಇಲ್ಲಿ ನೋಟಕ್ಕೆ ಪ್ರಾಧಾನ್ಯ. ಆದರೆ ಮುಂದಿನ ವರ್ಷ ಆ ಬೇಡಿಕೆ ಮತ್ತೆ ಬರುತ್ತದೆಂಬ ಭರವಸೆಯಿಲ್ಲ. ಎರಡನೆಯವರು ಸ್ವಂತ ಬಳಕೆಗಾಗಿ ಕೊಳ್ಳುವ ಆಟಗಾರರು. ಇವರು ಒಂದೊಂದೇ ಕೊಳ್ಳುತ್ತಾರೆ; ವಸ್ತು ಕೈಗೆ ಒಗ್ಗಿದರೆ ಮತ್ತೆ ಮತ್ತೆ ಅದನ್ನೇ ಕೇಳಿ ಪಡೆಯುತ್ತಾರೆ. ಅಂದವು ಮೊದಲ ಮಾರಾಟವನ್ನು ತಂದುಕೊಡಬಲ್ಲದು. ಎರಡನೆಯ ಮಾರಾಟವನ್ನು ತರುವುದು ಉಪಯುಕ್ತತೆ ಮಾತ್ರ. ಸಣ್ಣ ಘಟಕವು ವರ್ಷವಿಡೀ ಕೆಲಸಗಾರರಿಗೆ ಕೆಲಸ ಕೊಡಬೇಕಾದರೆ ಈ ಎರಡನೆಯ ಗಿರಾಕಿಯೇ ಅದಕ್ಕೆ ಆಧಾರ.

ಕೈಗವಸು: ಅರ್ಧ ಮಿಲಿಮೀಟರಿನ ಪಾಠ

ಧರಿಸುವ ಪರಿಕರಗಳ ಪೈಕಿ ಬೇಗ ಸವೆಯುವುದು ಕೈಗವಸು. ಬಲಗೈ ಆಟಗಾರನು ಎಡಗೈಗೆ ಮಾತ್ರ ಕೈಗವಸು ಧರಿಸುವುದು ರೂಢಿ. ಆದುದರಿಂದ ಇದು ಜೋಡಿಯಾಗಿ ಅಲ್ಲ, ಬಿಡಿಯಾಗಿ ಮಾರಾಟವಾಗುವ ಸರಕು. ಅದರಲ್ಲಿಯೂ ಬಹುಪಾಲು ಎಡಗೈಯದೇ. ಬೆವರು ಮತ್ತು ತಿಕ್ಕಾಟದಿಂದ ಅಂಗೈಯ ಬುಡ ಹಾಗೂ ಹೆಬ್ಬೆರಳಿನ ಭಾಗ ಮೊದಲು ಸವೆಯುತ್ತವೆ. ನಿಯಮಿತವಾಗಿ ಆಡುವವರು ವರ್ಷಕ್ಕೆ ಹಲವು ಬಾರಿ ಇದನ್ನು ಬದಲಾಯಿಸುತ್ತಾರೆ.

ಉತ್ತಮ ದರ್ಜೆಯ ಕೈಗವಸಿಗೆ ಬಳಸುವ ಚರ್ಮಕ್ಕೆ ಕ್ಯಾಬ್ರೆಟಾ ಎಂದು ಹೆಸರು. ಇದು ಉಣ್ಣೆಯ ಕುರಿಯದಲ್ಲ, ಒರಟು ಕೂದಲಿನ ಕುರಿಯ ಚರ್ಮ. ಉಣ್ಣೆಯ ಕುರಿಯ ಚರ್ಮದಲ್ಲಿ ಜಿಡ್ಡಿನ ಅಂಶ ಹೆಚ್ಚು, ನಾರಿನ ಹೆಣಿಗೆ ಸಡಿಲ. ಕೂದಲಿನ ಕುರಿಯ ಚರ್ಮದಲ್ಲಿ ನಾರು ಬಿಗಿಯಾಗಿರುತ್ತದೆ. ಆದುದರಿಂದಲೇ ಸುಮಾರು ಅರ್ಧ ಮಿಲಿಮೀಟರಿನಷ್ಟು ತೆಳುವಾಗಿಸಿದರೂ ಅದು ಹರಿಯದೆ ಬಾಳಿಕೆ ಬರುತ್ತದೆ. ದಕ್ಷಿಣ ಭಾರತದಲ್ಲಿ ಇಂತಹ ಕುರಿಗಳಿಗೆ ಕೊರತೆಯಿಲ್ಲ. ತಮಿಳುನಾಡಿನ ಮೇಚೇರಿ ತಳಿಯ ಚರ್ಮಕ್ಕೆ ಚರ್ಮೋದ್ಯಮದಲ್ಲಿ ವಿಶೇಷ ಮನ್ನಣೆಯಿದೆ.

ಚರ್ಮವನ್ನು ಕತ್ತರಿಸುವ ವಿಧಾನದಲ್ಲಿ ಈ ಕಸುಬಿನ ಗುಟ್ಟು ಅಡಗಿದೆ. ನುರಿತ ಕೆಲಸಗಾರನು ಕತ್ತರಿಸುವ ಮೊದಲು ಚರ್ಮವನ್ನು ತೇವಗೊಳಿಸಿ, ಬೆರಳಿನ ಉದ್ದಕ್ಕೆ ಚೆನ್ನಾಗಿ ಎಳೆದು, ಆ ದಿಕ್ಕಿನ ಹಿಗ್ಗುವಿಕೆಯನ್ನು ಮೊದಲೇ ತೆಗೆದುಬಿಡುತ್ತಾನೆ. ಅಗಲದ ದಿಕ್ಕಿನಲ್ಲಿ ಮಾತ್ರ ಸ್ವಲ್ಪ ಹಿಗ್ಗು ಉಳಿಸುತ್ತಾನೆ. ಹೀಗೆ ಮಾಡಿದ ಕೈಗವಸು ಮುಷ್ಟಿ ಬಿಗಿದಾಗ ಕೈಯೊಡನೆ ಹಿಗ್ಗುತ್ತದೆ, ಆದರೆ ಕೆಲವು ದಿನಗಳಲ್ಲಿ ಬೆರಳ ತುದಿಯಲ್ಲಿ ಜೋಲುಬೀಳುವುದಿಲ್ಲ. ಈ ಕ್ರಮವನ್ನು ಬಿಟ್ಟು ಹೊಲಿದ ಕೈಗವಸು ಅಂಗಡಿಯ ಗಾಜಿನೊಳಗೆ ಅಷ್ಟೇ ಚೆನ್ನಾಗಿ ಕಂಡೀತು. ಕೆಲವೇ ಆಟಗಳಲ್ಲಿ ಅದರ ಬಣ್ಣ ಬಯಲಾಗುತ್ತದೆ.

ಅಳತೆಯೂ ಗಮನಾರ್ಹ. ಸಾಮಾನ್ಯ ಅಳತೆಗಳಲ್ಲದೆ, ಅಗಲವಾದ ಅಂಗೈ ಹಾಗೂ ಗಿಡ್ಡ ಬೆರಳುಗಳುಳ್ಳವರಿಗಾಗಿ ‘ಕೆಡೆಟ್’ ಎಂಬ ಅಳತೆಗಳಿವೆ. ಈಗ ಒಂದು ಲೆಕ್ಕ ಹಾಕೋಣ. ಸಾಮಾನ್ಯ ಅಳತೆ 5, ಕೆಡೆಟ್ ಅಳತೆ 3, ಒಟ್ಟು 8 ಎಂದಿಟ್ಟುಕೊಳ್ಳಿ. ಎಡಗೈ, ಬಲಗೈ ಎರಡಕ್ಕೂ 5 ಬಣ್ಣಗಳಲ್ಲಿ ತಯಾರಿಸಿದರೆ 80 ಬಗೆಗಳಾಗುತ್ತವೆ. ಬಗೆಗೆ 25ರಂತೆ ದಾಸ್ತಾನಿಟ್ಟರೂ 2,000 ಕೈಗವಸುಗಳಲ್ಲಿ ಬಂಡವಾಳ ಸಿಕ್ಕಿಕೊಳ್ಳುತ್ತದೆ. ಅದರಲ್ಲಿ ಅರ್ಧದಷ್ಟು ವಿರಳವಾಗಿ ಮಾರಾಟವಾಗುವ ಬಲಗೈಯವು. ಬದಲಾಗಿ ಬಿಳಿ ಬಣ್ಣದ ಎಡಗೈ ಕೈಗವಸನ್ನು 8 ಅಳತೆಗಳಲ್ಲಿ ಮಾತ್ರ ದಾಸ್ತಾನಿಟ್ಟು, ಬಲಗೈಯದನ್ನು ಬೇಡಿಕೆ ಬಂದಂತೆ ಮಾಡಿಕೊಟ್ಟರೆ, 200 ಕೈಗವಸುಗಳಲ್ಲಿ ವ್ಯವಹಾರ ಆರಂಭವಾಗುತ್ತದೆ.

ಹಾಗಾದರೆ ಬಣ್ಣ, ಅಲಂಕಾರಗಳಿಗೆ ಎಡೆಯೇ ಇಲ್ಲವೇ? ಇದೆ. ಮುಂಗೈ ಬಳಿ ಬಿಗಿಯುವ ವೆಲ್ಕ್ರೋ ಪಟ್ಟಿಯ ಮೇಲೆ ತೆಗೆದಿಡಬಹುದಾದ ಬಿಲ್ಲೆಯೊಂದನ್ನು ಅಯಸ್ಕಾಂತದಿಂದ ಕೂರಿಸುವ ಪದ್ಧತಿಯಿದೆ. ಕ್ಲಬ್ಬಿನ ಲಾಂಛನ, ಬಣ್ಣ, ಹೆಸರು ಎಲ್ಲವೂ ಆ ಬಿಲ್ಲೆಯ ಮೇಲೆ. ಕೈಗವಸು ಒಂದೇ, ಬಿಲ್ಲೆ ಮಾತ್ರ ಬೇರೆ ಬೇರೆ. ಕೈಗವಸು ಸವೆದು ಹೋದ ಮೇಲೆಯೂ ಬಿಲ್ಲೆ ಉಳಿಯುತ್ತದೆ. ಹೊಸ ಕೈಗವಸಿಗೆ ಅದೇ ಹೊಂದುತ್ತದೆ. ಕೆಲಸ ಮಾಡುವ ಭಾಗ ಸ್ಥಿರವಾಗಿರಲಿ, ಅಂದದ ಭಾಗ ಬದಲಾಗುವಂತಿರಲಿ - ಈ ಲೇಖನದ ಮುಖ್ಯ ಸೂತ್ರ ಇದೇ.

ನಿಯಮದ ಗಡಿ

ಗಾಲ್ಫ್ ಪರಿಕರಗಳ ವಿನ್ಯಾಸಕ್ಕೆ ನಿಯಮದ ಚೌಕಟ್ಟಿದೆ. ಬ್ರಿಟನ್ನಿನ ಆರ್ ಆ್ಯಂಡ್ ಎ ಹಾಗೂ ಅಮೆರಿಕದ ಯುಎಸ್‌ಜಿಎ ಸಂಸ್ಥೆಗಳು ಜೊತೆಯಾಗಿ ಆಟದ ಮತ್ತು ಸಲಕರಣೆಗಳ ನಿಯಮಗಳನ್ನು ರೂಪಿಸುತ್ತವೆ. ಅವುಗಳ ಪ್ರಕಾರ ಕೈಗವಸಿನ ಅಂಗೈ ಭಾಗ ಮತ್ತು ಬೆರಳುಗಳ ಹಿಡಿತದ ಭಾಗ ನಯವಾಗಿರಬೇಕು. ಪ್ರತಿ ಬೆರಳಿಗೂ ಬೇರೆ ಬೇರೆ ಕವಚವಿರಬೇಕು. ಬೆರಳುಗಳನ್ನು ಒಟ್ಟಿಗೆ ಬಿಗಿಯುವ ಅಥವಾ ಕೈಯನ್ನು ಕೋಲಿನ ಹಿಡಿಗೆ ಕಟ್ಟುವ ಪಟ್ಟಿಗಳಿರಬಾರದು. ಹಿಡಿತದ ಭಾಗದಲ್ಲಿ ಸೇರಿಸಿದ ಪದರವು ಪಕ್ಕದ ಭಾಗಕ್ಕಿಂತ 0.635 ಮಿಲಿಮೀಟರಿಗಿಂತ ಹೆಚ್ಚು ದಪ್ಪವಾದರೆ ಅದು ಮೆತ್ತೆಯೆಂದು ಪರಿಗಣಿತವಾಗುತ್ತದೆ. ಅಂತಹ ಕೈಗವಸಿಗೆ ಅನುಮತಿಯಿಲ್ಲ. ಸವೆತ ತಡೆಯಲು ತೇಪೆ ಹಾಕಬಹುದು, ಆದರೆ ಅದು ಈ ಮಿತಿಯೊಳಗಿರಬೇಕು.

ಇದು ಕಾಗದದ ಮೇಲಿನ ಮಾತಲ್ಲ. ನಿಯಮಬಾಹಿರ ಕೈಗವಸು ಧರಿಸಿ ಹೊಡೆದ ಆಟಗಾರನಿಗೆ ಸ್ಟ್ರೋಕ್ ಪಂದ್ಯದಲ್ಲಿ ಮೊದಲ ಬಾರಿ ಎರಡು ಹೊಡೆತಗಳ ದಂಡ, ಎರಡನೆಯ ಬಾರಿ ಅನರ್ಹತೆ. ಅಂಗೈಯ ಮೇಲೆ ಅಂದಕ್ಕಾಗಿ ಒಂದು ದಪ್ಪ ಪಟ್ಟಿ ಹೊಲಿದ ತಯಾರಕನು ಆ ಗಿರಾಕಿಯನ್ನು ಮಾತ್ರವಲ್ಲ, ಅವನ ಕ್ಲಬ್ಬಿನ ಉಳಿದವರನ್ನೂ ಕಳೆದುಕೊಳ್ಳುವನು.

ಮುಂಗೈಗೆ ಕಟ್ಟುವ ದೂರಮಾಪಕ ಗಡಿಯಾರಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2019ರಿಂದ ಜಾರಿಯಲ್ಲಿರುವ ನಿಯಮಾವಳಿಯಂತೆ, ಸ್ಥಳೀಯ ನಿಷೇಧವಿಲ್ಲದಿದ್ದರೆ, ದೂರ ಅಳೆಯಬಹುದು. ಆದರೆ ನೆಲದ ಏರಿಳಿತ ಅಳೆಯುವಂತಿಲ್ಲ. ಇಂತಹ ಸರಕನ್ನು ಮಾರುವ ವರ್ತಕರು ಏರಿಳಿತದ ಅಳತೆಯನ್ನು ಬಂದ್ ಮಾಡುವ ಸೌಲಭ್ಯವಿದೆಯೇ ಎಂಬುದನ್ನು ಗಿರಾಕಿಗೆ ಮೊದಲೇ ತಿಳಿಸಬೇಕು.

ಬಿಲ್ಲೆ ಮತ್ತು ಬೆಲ್ಟು

ಕುಳಿಯಿರುವ ಹಸಿರುಹಾಸಿನ ಮೇಲೆ ಚೆಂಡನ್ನು ಎತ್ತಿಕೊಳ್ಳುವ ಮುನ್ನ ಅದರ ಸ್ಥಾನವನ್ನು ಗುರುತಿಸಬೇಕು. ಅದಕ್ಕೆ ನಾಣ್ಯವೂ ಸಾಕು. ಆದರೆ ಪ್ರತಿ ಬಾರಿ ಜೇಬು ತಡಕಾಡುವ ಬದಲು ಟೋಪಿಯ ಅಂಚಿನಿಂದಲೋ ಬೆಲ್ಟಿನ ಬಕಲ್‌ನಿಂದಲೋ ಬಿಲ್ಲೆಯನ್ನು ಥಟ್ಟನೆ ತೆಗೆಯುವ ಅನುಕೂಲವೇ ಒಂದು ವ್ಯಾಪಾರವಾಗಿ ಬೆಳೆದಿದೆ.

ಇಲ್ಲಿ ಲೋಹದ ಆಯ್ಕೆಯೇ ಮುಖ್ಯ. ಹಿತ್ತಾಳೆ, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ತುಕ್ಕು ಹಿಡಿಯದ ಉಕ್ಕಿನಲ್ಲಿಯೂ ಪಾತ್ರೆಗಳಿಗೆ ಹೆಚ್ಚಾಗಿ ಬಳಸುವ 304 ದರ್ಜೆ ಸರಿಯಾಗಿ ಅಂಟುವುದಿಲ್ಲ. 430 ದರ್ಜೆ ಅಂಟುತ್ತದೆ. ಹಿತ್ತಾಳೆಯ ಹೊಳಪೇ ಬೇಕಾದರೆ ಹಿಂಬದಿಗೆ ಉಕ್ಕಿನ ತೆಳು ಬಿಲ್ಲೆಯನ್ನು ಬೆಸೆಯಬೇಕು. ಅಯಸ್ಕಾಂತವು ಆಟಗಾರ ಬಗ್ಗಿದಾಗ ಬಿಲ್ಲೆ ಉದುರದಷ್ಟು ಬಲವಾಗಿಯೂ ಕೈಗವಸು ಧರಿಸಿದ ಬೆರಳಿನಿಂದ ಸರಿಸಲಾಗುವಷ್ಟು ಹಗುರವಾಗಿಯೂ ಇರಬೇಕು. ಪೇಸ್‌ಮೇಕರ್ ಅಳವಡಿಸಿಕೊಂಡವರು ಪ್ರಬಲ ಅಯಸ್ಕಾಂತವನ್ನು ಎದೆಯ ಬಳಿ ಇರಿಸಬಾರದೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸುವುದು ತಯಾರಕರ ಹೊಣೆ. ಈ ಆಟದಲ್ಲಿ ಹಿರಿಯ ವಯಸ್ಸಿನವರು ಬಹಳ ಮಂದಿ ಇದ್ದಾರೆ.

ಬೆಲ್ಟಿನ ಕೆಲಸ ಪ್ಯಾಂಟನ್ನು ಹಿಡಿದಿಡುವುದಷ್ಟೇ ಅಲ್ಲ. ಹೊಡೆತದ ಬೀಸಿನಲ್ಲಿ ಸೊಂಟ ವೇಗವಾಗಿ ತಿರುಗುತ್ತದೆ. ಬಗ್ಗಿ ನಿಂತಾಗ ಹೊಟ್ಟೆಯ ಸುತ್ತಳತೆ ಬದಲಾಗುತ್ತದೆ. ಆದುದರಿಂದ ಹಿಗ್ಗುವ ನೂಲಿನಿಂದ ಹೆಣೆದ ಬೆಲ್ಟು, ಅಥವಾ ರಂಧ್ರಗಳಿಲ್ಲದೆ ಸ್ವಲ್ಪ ಸ್ವಲ್ಪವೇ ಬಿಗಿಯಬಹುದಾದ ಹಲ್ಲುಪಟ್ಟಿಯ ಬೆಲ್ಟು ಆಟಗಾರರಿಗೆ ಹಿತವೆನಿಸುತ್ತದೆ. ಮೇಲಿನ ಸೂತ್ರವನ್ನು ಇಲ್ಲಿಯೂ ಅನ್ವಯಿಸಬಹುದು: ಪಟ್ಟಿ ಕೆಲವೇ ಬಣ್ಣಗಳಲ್ಲಿರಲಿ, ಬಿಚ್ಚಿ ಜೋಡಿಸಬಹುದಾದ ಬಕಲ್‌ನಲ್ಲಿ ವೈವಿಧ್ಯವಿರಲಿ.

ಬಿಸಿಲಿನಿಂದ ರಕ್ಷಣೆ

18 ಕುಳಿಗಳ ಒಂದು ಆಟಕ್ಕೆ ಸುಮಾರು 4 ಗಂಟೆ ಬೇಕು; ಅಷ್ಟು ಹೊತ್ತೂ ಬಯಲಿನಲ್ಲಿರಬೇಕು. ಬಟ್ಟೆಯು ನೇರಳಾತೀತ ಕಿರಣಗಳನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಯುಪಿಎಫ್ ಎಂಬ ಅಂಕಿಯಿಂದ ಸೂಚಿಸುತ್ತಾರೆ. ಯುಪಿಎಫ್ 50 ಎಂದರೆ ಕಿರಣಗಳ 50ನೆಯ ಒಂದು ಭಾಗ, ಅಂದರೆ ಶೇಕಡಾ 2ರಷ್ಟು ಮಾತ್ರ ಒಳಹೋಗುತ್ತದೆ. ಬಟ್ಟೆಗೆ ಇಂತಹ ಮಾನಕವನ್ನು 1996ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಜಂಟಿಯಾಗಿ ಪ್ರಕಟಿಸಿದವು.

ಹೆಣಿಗೆ ಬಟ್ಟೆ ಹಿಗ್ಗಿದಾಗ ಎಳೆಗಳ ನಡುವಿನ ಸಂದು ದೊಡ್ಡದಾಗಿ ಕಿರಣಗಳು ಹೆಚ್ಚು ನುಸುಳುತ್ತವೆ. ಹತ್ತಿಯ ಬಟ್ಟೆ ಒದ್ದೆಯಾದಾಗಲೂ ರಕ್ಷಣೆ ಕುಗ್ಗುತ್ತದೆ. ಆದುದರಿಂದ ತೋಳುಗವಸನ್ನು ಮೇಜಿನ ಮೇಲೆ ಹಾಸಿ ಪರೀಕ್ಷಿಸಿದರೆ ಸಾಲದು. ತೋಳಿಗೆ ಏರಿಸಿದಾಗ ಹಿಗ್ಗುವಷ್ಟೇ ಹಿಗ್ಗಿಸಿ ಪರೀಕ್ಷೆ ಮಾಡಿಸುವುದು ಪ್ರಾಮಾಣಿಕ ಕ್ರಮ. ಟೋಪಿಯ ಅಂಚಿನ ಕೆಳಬದಿ ಗಾಢ ಬಣ್ಣದ್ದಾಗಿದ್ದರೆ ನೆಲದಿಂದ ಪುಟಿದು ಬರುವ ಬೆಳಕು ಕಣ್ಣಿಗೆ ಕುಕ್ಕುವುದಿಲ್ಲ. ಮೇಲ್ಬದಿಯ ಬಣ್ಣ ಗಿರಾಕಿಯ ಇಷ್ಟ. ಕೆಳಬದಿಯ ಬಣ್ಣ ಕಣ್ಣಿನ ಅಗತ್ಯ.

ರಫ್ತುದಾರರು ಗಮನಿಸಬೇಕಾದುದು

ಯೂರೋಪಿಗೆ ಕಳುಹಿಸುವ, ಚರ್ಮಕ್ಕೆ ತಾಗುವ ತೊಗಲಿನ ವಸ್ತುಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಪ್ರಮಾಣ ಕಿಲೋಗ್ರಾಮಿಗೆ 3 ಮಿಲಿಗ್ರಾಮಿಗಿಂತ ಕಡಿಮೆಯಿರಬೇಕೆಂಬ ನಿಯಮ 2015ರ ಮೇ 1ರಿಂದ ಜಾರಿಯಲ್ಲಿದೆ. ಹದ ಮಾಡುವಾಗ ಬಳಸುವ ಕ್ರೋಮಿಯಂ ಈ ರೂಪದ್ದಲ್ಲ. ಎಣ್ಣೆಯ ತಪ್ಪು ಆಯ್ಕೆ, ಶಾಖ, ಒಣ ದಾಸ್ತಾನುಗಳ ಕಾರಣದಿಂದ ಅದು ಅನಂತರ ಈ ರೂಪಕ್ಕೆ ತಿರುಗಬಹುದು. ಹೀಗಾಗಿ ಚರ್ಮ ಕೊಂಡ ದಿನದ ಪ್ರಮಾಣಪತ್ರವೊಂದನ್ನೇ ನೆಚ್ಚದೆ ಸಿದ್ಧ ಸರಕನ್ನೂ ಪರೀಕ್ಷಿಸಬೇಕು. ದೀರ್ಘಕಾಲ ಮೈಗೆ ತಾಗುವ ಬಕಲ್‌ನಂತಹ ಲೋಹದ ವಸ್ತುಗಳಿಂದ ಹೊರಬರುವ ನಿಕ್ಕಲ್‌ಗೆ, ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂ ಮಿತಿಯಿದೆ. ಹೊಳಪಿಗಾಗಿ ಹಾಕಿದ ಅಗ್ಗದ ಲೇಪವೊಂದು ಇಡೀ ರವಾನೆಯನ್ನು ತಿರಸ್ಕೃತಗೊಳಿಸಬಹುದು. ಚರ್ಮ ತಂತ್ರಜ್ಞಾನದ ವಿಷಯದಲ್ಲಿ 1948ರಲ್ಲಿ ಸ್ಥಾಪಿತವಾದ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವು ಪಡೆಯಬಹುದು.

ಸುಂಕದ ವರ್ಗೀಕರಣದಲ್ಲಿಯೂ ಜಾಗ್ರತೆ ಬೇಕು. ಗಾಲ್ಫ್ ಕೋಲು, ಚೆಂಡುಗಳು 9506ನೆಯ ಶೀರ್ಷಿಕೆಯಲ್ಲಿ ಬಂದರೂ, ಕ್ರೀಡೆಗೆಂದೇ ರೂಪಿಸಿದ ಚರ್ಮದ ಕೈಗವಸು 4203.21ರಲ್ಲಿ, ಚರ್ಮದ ಬೆಲ್ಟು 4203.30ರಲ್ಲಿ, ಹೆಣಿಗೆ ಬಟ್ಟೆಯ ಕೈಗವಸು 6116ರಲ್ಲಿ, ಟೋಪಿ 6505ರಲ್ಲಿ ಬರುತ್ತವೆ. ಎಲ್ಲವನ್ನೂ ‘ಗಾಲ್ಫ್ ಸಾಮಗ್ರಿ’ ಎಂದು ಒಂದೇ ಸಾಲಿನಲ್ಲಿ ನಮೂದಿಸುವುದು ತೊಡಕಿಗೆ ದಾರಿ.

ನಮೂನೆ ಸಿದ್ಧಪಡಿಸುವ ಕ್ರಮ

1. ವಸ್ತು ಮಾಡಬೇಕಾದ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ.

2. ಆಟದ ನಿಯಮ ಹಾಗೂ ಕೊಳ್ಳುವ ದೇಶದ ಸುರಕ್ಷತಾ ಮಿತಿಗಳನ್ನು ಅದರ ಪಕ್ಕದಲ್ಲಿ ನಮೂದಿಸಿ.

3. ಅಲಂಕಾರವಿಲ್ಲದ ನಮೂನೆಯನ್ನು ಕೆಲವು ಆಟಗಾರರಿಗೆ ಕೊಟ್ಟು, ಬೆವರು, ಬಿಸಿಲು, ಮಳೆಗಳಲ್ಲಿ ಬಳಸಿದ ಮೇಲೆ ಹಿಂದಕ್ಕೆ ಪಡೆದು ಸವೆತವನ್ನು ಪರಿಶೀಲಿಸಿ.

4. ಅಲಂಕಾರವನ್ನು ಕೊನೆಗೆ, ಸಾಧ್ಯವಾದಷ್ಟು ಬಿಡಿಯಾಗಿ ಬದಲಿಸಬಹುದಾದ ಭಾಗದಲ್ಲಿ ಸೇರಿಸಿ.

ಈ ಕ್ರಮದಲ್ಲಿ ನಡೆದ ಘಟಕವು ಉಡುಗೊರೆಯ ಬೇಡಿಕೆಯನ್ನು ಬಿಟ್ಟುಕೊಡಬೇಕಾಗಿಲ್ಲ. ಬಿಲ್ಲೆಯನ್ನು ಬದಲಿಸಿ ಅದನ್ನೂ ಪೂರೈಸಬಹುದು. ಉಡುಗೊರೆಯಾಗಿ ಬಂದ ಕೈಗವಸು ಸವೆದ ದಿನ ಆಟಗಾರನು ಅಂಗಡಿಗೆ ಬಂದು ಅದೇ ಹೆಸರನ್ನು ಕೇಳುವಂತಾದರೆ, ತಯಾರಕನ ಶ್ರಮ ಫಲಿಸಿತೆಂದೇ ತಿಳಿಯಬೇಕು.