ಕೇಸಿನ ಜೊತೆ ಹುಡುಗನ ಮನಸ್ಸನ್ನೂ ನೋಡಿ

ತಮ್ಮಾ, ತಂಗಿ, ಈ ಮಾತು ನಿಮ್ಮಿಬ್ಬರಿಗೆ. ಮಗ ಯಾರದೋ ತೋಟದ ಕಾಯಿಗೆ ಕೈ ಹಾಕಿದನೋ, ಕೊಬ್ಬರಿ ಚೀಲ ಎತ್ತಿದವರ ಜೊತೆ ಸಿಕ್ಕಿಬಿದ್ದನೋ, ಜಾತ್ರೆಯಲ್ಲಿ ಹೊಡೆದಾಡಿದನೋ, ಅಂತೂ ಪೊಲೀಸರು ಮನೆ ಬಾಗಿಲಿಗೆ ಬಂದಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಂಥ ಸುದ್ದಿ ಊರೂರು ಮುಟ್ಟಲು ಹೊತ್ತು ಬೇಡ. ನಿಮಗೀಗ ಮಾನದ ಚಿಂತೆ, ವಕೀಲರ ಫೀಸಿನ ಚಿಂತೆ. ಈ ಗಡಿಬಿಡಿಯಲ್ಲಿ ಹುಡುಗ ಒಳಗೆ ಹೇಗಿದ್ದಾನೆ ಅಂತ ಕೇಳುವವರೇ ಇಲ್ಲದಂತಾಗುತ್ತದೆ. ಅದನ್ನು ಕೇಳಿ ಅನ್ನುವುದೇ ನನ್ನ ಕಿವಿಮಾತು.

ಮೊದಲು ಭಯ ಬಿಡಿ. 18 ತುಂಬದವನಿಗೆ ಅನ್ವಯಿಸುವುದು 2015ರ ಬಾಲನ್ಯಾಯ ಕಾಯ್ದೆ. ಅವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಹಾಕುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಅಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂತಿರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ. ಸಣ್ಣ ಕಳ್ಳತನದಂಥ ಆರೋಪಕ್ಕೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲವಾದರೆ, ಎಫ್‌ಐಆರ್ ಹಾಕದೆ ಠಾಣೆಯ ಡೈರಿಯಲ್ಲಿ ಬರೆದು, ಹುಡುಗನ ಮನೆತನದ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಕಳಿಸಬೇಕು ಅನ್ನುತ್ತವೆ 2016ರ ಮಾದರಿ ನಿಯಮಗಳು. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ತೋಟ ಅಡ ಇಡಬೇಡಿ. ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿದರೆ ಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಇನ್ನು ಮುಖ್ಯವಾದ ಮಾತು. ಹುಡುಗನ ಹಿನ್ನೆಲೆ ತಿಳಿದು ಮಂಡಳಿಗೆ ವರದಿ ಕೊಡುವ ಪರಿವೀಕ್ಷಣಾಧಿಕಾರಿ ವಿಚಾರಿಸಲು ಬರುತ್ತಾರೆ. ಆಗ ನಮ್ಮವರು ಸಾಮಾನ್ಯವಾಗಿ ಹೇಳುವುದು, 'ನಮ್ಮ ಹುಡುಗನಿಗೆ ಏನೂ ಇಲ್ಲ ಸಾರ್, ಸಹವಾಸ ದೋಷ ಅಷ್ಟೆ.' ಚಿಕ್ಕಂದಿನಲ್ಲಿ ಫಿಟ್ಸ್ ಬಂದಿದ್ದು, ತಲೆಗೆ ಪೆಟ್ಟು ಬಿದ್ದಿದ್ದು, ಅಪ್ಪನ ಕುಡಿತ, ಸ್ಕೂಲು ಬಿಟ್ಟಿದ್ದು, ಗಾಂಜಾ ಸೇದುವುದು, ರಾತ್ರಿಯೆಲ್ಲ ನಿದ್ದೆಗೆಟ್ಟು ಕೂರುವುದು, ಇವನ್ನೆಲ್ಲ ನುಂಗಿಕೊಳ್ಳುತ್ತಾರೆ. 'ಹುಚ್ಚ' ಅನ್ನೋ ಹೆಸರು ಬಂದರೆ ನಾಳೆ ತಂಗಿಗೆ ಸಂಬಂಧ ಬರಲ್ಲ ಅನ್ನುವ ಅಂಜಿಕೆ. ಹಾಗೆ ಮುಚ್ಚಿಡಬೇಡಿ. ಮಂಡಳಿಯವರು ಕೌನ್ಸೆಲಿಂಗ್‌ಗೆ ಕಳಿಸಬಹುದು, ಚಟ ಬಿಡಿಸುವ ಚಿಕಿತ್ಸೆಗೆ ಹಚ್ಚಬಹುದು, ಮತ್ತೆ ಶಾಲೆಗೆ ಸೇರಿಸಲು ಆದೇಶ ಕೊಡಬಹುದು. ನೀವು ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಹೀಗೆ ಗಮನಿಸದೆ ಬಿಟ್ಟ ಕಾಯಿಲೆ ಎಲ್ಲಿಗೆ ಮುಟ್ಟಬಹುದು ನೋಡಿ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ನ ವೈದ್ಯರು 5,024 ಕೈದಿಗಳನ್ನು ಪರೀಕ್ಷಿಸಿದ್ದರು. ಆ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 80 ಮಂದಿಗೆ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುವಿನ ತೊಂದರೆ ಇತ್ತು. ಚಟವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ 27 ಜನ ಕಾಯಿಲೆಯವರೇ. ಅವರೆಲ್ಲ ದೊಡ್ಡವರು, ನಿಜ. ಆದರೆ ಅವರೂ ಒಂದು ಕಾಲಕ್ಕೆ ಹದಿನೈದು ಹದಿನಾರರ ಹುಡುಗರಾಗಿದ್ದವರು. ಆ ವಯಸ್ಸಿನಲ್ಲೇ ಗಮನಿಸಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ ಅನ್ನುವ ಸಂಕಟ ನನ್ನನ್ನು ಬಿಡುವುದಿಲ್ಲ.

ಠಾಣೆಯಿಂದಲೋ, ವಿಚಾರಣೆಯ ಹೊತ್ತಿಗೆ ಮಕ್ಕಳನ್ನು ಇರಿಸುವ ವೀಕ್ಷಣಾಲಯದಿಂದಲೋ ಮನೆಗೆ ಬಂದ ಮೊದಲ ಕೆಲವು ದಿನ ಕಣ್ಣಿಟ್ಟು ನೋಡಿಕೊಳ್ಳಿ. ಊಟ ಬಿಡುವುದು, ನಿದ್ದೆಯಲ್ಲಿ ಬೆಚ್ಚುವುದು, ಕೈ ಕೊಯ್ದುಕೊಳ್ಳುವುದು, 'ನಾನಿದ್ದು ಏನು ಪ್ರಯೋಜನ' ಅನ್ನುವುದು ಕಂಡರೆ ಅದನ್ನು ನಾಟಕ ಅನ್ನಬೇಡಿ. ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಡಬ್ಬಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಬೇಕಿಲ್ಲ.

ದೇವರಿಗೆ ಹರಕೆ ಹೊತ್ತರೆ ಬೇಡ ಅನ್ನುವುದಿಲ್ಲ, ಆಸ್ಪತ್ರೆಗೂ ಹೋಗಿ. ನಮ್ಮ ತುರುವೇಕೆರೆ ತಾಲೂಕಿನಲ್ಲೇ ನಿಮ್ಹಾನ್ಸ್ ವೈದ್ಯರು ಸರ್ಕಾರಿ ಆರೋಗ್ಯ ಸಿಬ್ಬಂದಿಯ ಜೊತೆ ಸೇರಿ ಸ್ಕಿಜೋಫ್ರೇನಿಯಾದಂಥ ದೊಡ್ಡ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಂಡಿದ್ದಾರೆ. ಊರು ಬಿಡದೆ, ಮನೆಯವರ ನಡುವೆ ಇದ್ದುಕೊಂಡೇ ಚಿಕಿತ್ಸೆ ಪಡೆಯಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ಒಂದೇ ಸಲಕ್ಕೆ ಗುಣ ಕಾಣಲಿಲ್ಲವೆಂದು ಮಾತ್ರ ಬಿಡಬೇಡಿ. ಕಾಯಿಯನ್ನು ಅಟ್ಟಕ್ಕೆ ಹಾಕಿ ಕೊಬ್ಬರಿಯಾಗಲು ವರ್ಷದ ತನಕ ಕಾಯುವ ಜನ ನಾವು, ಮಗನಿಗಾಗಿ ಕಾಯಲಾರೆವೆ?

ಊರವರ ಬಾಯಿಗೆ ಹೆದರಿ ಹುಡುಗನನ್ನು ಬೆಂಗಳೂರಿನ ಹೋಟೆಲಿಗೋ ಪೀಣ್ಯದ ಫ್ಯಾಕ್ಟರಿಗೋ ಸಾಗಹಾಕಬೇಡಿ. ಮಂಡಳಿ ಕರೆದ ದಿನ ಅವನು ಸಿಗದಿದ್ದರೆ ಸಣ್ಣ ಕೇಸೂ ದೊಡ್ಡದಾಗುತ್ತದೆ. ಬೆಂಗಳೂರಿನಲ್ಲಿ ಅವನ ನೋವಿಗೆ ಯಾರೂ ಇರುವುದಿಲ್ಲ, ಚಟಕ್ಕೆ ಜೊತೆಗಾರರು ಮಾತ್ರ ಸಿಗುತ್ತಾರೆ. ಅವನ ಭವಿಷ್ಯ ಮುಗಿಯಿತು ಅಂತಲೂ ಹೆದರಬೇಡಿ. ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ, ಬಾಲಾಪರಾಧದ ತೀರ್ಪು ಮುಂದೆ ಅವನ ಓದಿಗೂ ನೌಕರಿಗೂ ಅಡ್ಡ ಬರಬಾರದು. ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆಗೆ ಒಳಗಾದವರ ವಿಷಯ ಮಾತ್ರ ಬೇರೆ. 18 ದಾಟಿ 21 ತುಂಬದವನಾದರೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ. ಜೀವಾವಧಿ ಶಿಕ್ಷೆಯಾಗಬಲ್ಲ ಅಪರಾಧವಲ್ಲದಿದ್ದರೆ, ಕಾರಣ ಬರೆಯದೆ ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸುವಂತಿಲ್ಲ.

ಅಕ್ಕಪಕ್ಕದವರಿಗೂ ಒಂದು ಮಾತು. ಸಿಕ್ಕಿಬಿದ್ದ ಹುಡುಗನನ್ನು ಮರಕ್ಕೆ ಕಟ್ಟಿ ಹೊಡೆಯಬೇಡಿ, ವಾಟ್ಸಾಪ್‌ಗೆ ಫೋಟೋ ಹಾಕಬೇಡಿ. ಅವನ ಗುರುತನ್ನು ಬಯಲು ಮಾಡಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಕಾಯಿ ಹೋದ ನಷ್ಟವನ್ನು ಮುಂದಿನ ಕೊಯ್ಲು ತುಂಬಿಕೊಡುತ್ತದೆ, ಜನರ ಮುಂದೆ ಕಳೆದ ಮಾನವನ್ನು ಆ ಹುಡುಗನಿಗೆ ಯಾರೂ ತುಂಬಿಕೊಡಲಾರರು.

ಕೊನೆಗೆ ಮತ್ತೆ ಮಗನ ಚಿಕಿತ್ಸೆಯ ಮಾತು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಾನಸಿಕ ತಜ್ಞರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿ. ವಕೀಲರ ಹತ್ತಿರ ಎಷ್ಟು ಸಲ ಓಡಾಡುತ್ತೀರೋ ಗೊತ್ತಿಲ್ಲ, ಒಂದು ಸಲವಾದರೂ ಮಗನ ಕೈ ಹಿಡಿದುಕೊಂಡು ಆ ವೈದ್ಯರ ಹತ್ತಿರ ಹೋಗಿ ಬನ್ನಿ.